ಲೋಹದ ಒಳಬಿಗಿತಕ್ಕೆ ವಿದ್ಯುತ್ತಿನ ಅಳತೆ

ಉಪ್ಪಿನಬೆಟಗೇರಿ ಸುತ್ತಿನ ಎರೆ ಹೊಲಗಳು ಬೇಸಿಗೆಗೆ ಬಾಯಿ ಬಿಡುವುದನ್ನು ಧಾರವಾಡ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಮೇಲಿನ ಮಣ್ಣು ಒಣಗಿ ಕುಗ್ಗಲು ನೋಡುತ್ತದೆ, ಅಡಿಯ ಹಸಿ ಮಣ್ಣು ಬಿಡುವುದಿಲ್ಲ. ಹೊರಗಿನಿಂದ ಯಾರೂ ಜಗ್ಗದಿದ್ದರೂ ಮೇಲ್ಪದರದಲ್ಲಿ ಎಳೆತ ಬೆಳೆದು ನೆಲ ಸೀಳುತ್ತದೆ. ಲೋಹದೊಳಗೂ ಹೀಗೆಯೇ ಒಂದು ಪದರ ಇನ್ನೊಂದನ್ನು ಹಿಡಿದು ಜಗ್ಗುತ್ತಿರುತ್ತದೆ. ಯಾವ ಭಾರವೂ ಇಲ್ಲದೆ ಕಪಾಟಿನಲ್ಲಿಟ್ಟ ಗೇರಿನಲ್ಲೂ ಈ ಬಲ ಇರುತ್ತದೆ. ಇದನ್ನು ಉಳಿಕೆ ಒತ್ತಡ ಎನ್ನುತ್ತಾರೆ. ಬೆಸುಗೆ ಹಾಕಿದಾಗ, ಕಾಯಿಸಿ ನೀರಿಗೆ ಅದ್ದಿದಾಗ, ಸಾಣೆ ಹಿಡಿದಾಗ ಅದು ಕರೆಯದೆ ಬರುತ್ತದೆ. ಬೇಕೆಂದೇ ಅದನ್ನು ತುಂಬುವ ಕಸುಬೂ ಇದೆ.

ಆ ಕಸುಬಿನ ಹೆಸರು ಶಾಟ್ ಪೀನಿಂಗ್. ಸಣ್ಣ ಉಕ್ಕಿನ ಗುಂಡುಗಳನ್ನು ವೇಗವಾಗಿ ಲೋಹದ ಮೈಗೆ ಬಡಿಸುತ್ತಾರೆ. ಪ್ರತಿ ಗುಂಡೂ ಮೇಲ್ಪದರವನ್ನು ತಟ್ಟಿ ಅಗಲಿಸಲು ನೋಡುತ್ತದೆ, ಕೆಳಗಿನ ಲೋಹ ಅದನ್ನು ತಡೆಯುತ್ತದೆ. ಹೊಲದಲ್ಲಿ ಆಗುವುದರ ತಿರುವುಮುರುವು ಇದು: ಮೇಲ್ಪದರ ಎಳೆತಕ್ಕೆ ಬದಲು ಅದುಮಿಗೆ ಒಳಗಾಗಿ ಕೂರುತ್ತದೆ. ಬಿರುಕು ಹುಟ್ಟುವುದು ಸಾಮಾನ್ಯವಾಗಿ ಮೇಲ್ಮೈಯಲ್ಲಿ, ತೆರೆಯುವುದು ಎಳೆತದಿಂದ. ಅದುಮಿದ ಮೈಯಲ್ಲಿ ಬಿರುಕಿಗೆ ಬಾಯಿ ತೆರೆಯುವುದೇ ಕಷ್ಟ. ಲಾರಿಯ ಕಮಾನು ಪಟ್ಟಿ, ಎಂಜಿನ್ನಿನ ವಾಲ್ವ್ ಸ್ಪ್ರಿಂಗ್, ಗೇರಿನ ಹಲ್ಲು, ವಿಮಾನದ ಟರ್ಬೈನ್ ಡಿಸ್ಕ್ ಎಲ್ಲವೂ ಈ ಗುಂಡಿನ ಮಳೆಗೆ ಮೈಯೊಡ್ಡಿ ಬಂದವು.

ಅಷ್ಟೆಲ್ಲ ಮಾಡಿದ ಮೇಲೆ, ನಾವು ತುಂಬಿದ ಅದುಮು ನಿಜವಾಗಿಯೂ ಒಳಗಿದೆಯೇ? ಎಷ್ಟು ಆಳದವರೆಗೆ ಇದೆ? ಐದು ವರ್ಷ ಓಡಿದ ಮೇಲೆ ಎಷ್ಟು ಉಳಿದಿದೆ? ತುಣುಕನ್ನು ಕೆಡಿಸದೆ ಈ ಪ್ರಶ್ನೆಗಳಿಗೆ ಉತ್ತರ ಪಡೆಯಲು ವಿದ್ಯುತ್ತನ್ನು ಬಳಸುವ ಪ್ರಯತ್ನದ ಕಥೆಯೇ ಈ ಲೇಖನದ ವಸ್ತು. ನನ್ನ ತಿಳಿವಿನಲ್ಲಿ ಈ ಕ್ಷೇತ್ರಕ್ಕೆ ಸಂಕೇತ ಸಿಗದ ಕಷ್ಟ ಎಂದೂ ಇರಲಿಲ್ಲ. ಸಂಕೇತ ಯಾವಾಗಲೂ ಸಿಕ್ಕಿತು. ಅದರಲ್ಲಿ ಒತ್ತಡದ ಪಾಲೆಷ್ಟು, ಉಳಿದವುಗಳ ಪಾಲೆಷ್ಟು ಎಂದು ಬೇರ್ಪಡಿಸುವುದೇ ನಿಜವಾದ ಕೆಲಸವಾಯಿತು.

ಮೊದಲು, ಶಾಟ್ ಪೀನಿಂಗ್ ಅಂಗಳದಲ್ಲಿ ಇಂದಿಗೂ ನಡೆಯುವ ಅಳತೆಯನ್ನು ನೋಡಬೇಕು. ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಜೆ. ಓ. ಆಲ್ಮೆನ್ 1940ರ ದಶಕದ ಹೊತ್ತಿಗೆ ಒಂದು ಸರಳ ಉಪಾಯವನ್ನು ನೆಲೆಗೊಳಿಸಿದರು. ಸುಮಾರು 76 ಮಿಲಿಮೀಟರ್ ಉದ್ದ, 19 ಮಿಲಿಮೀಟರ್ ಅಗಲದ ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನು ದಿಮ್ಮಿಗೆ ಬಿಗಿದು, ಒಂದೇ ಬದಿಗೆ ಗುಂಡು ಹೊಡೆಸಿ, ಬಿಚ್ಚಿದರೆ ಪಟ್ಟಿ ಬಾಗುತ್ತದೆ. ಆ ಬಾಗಿನ ಎತ್ತರವೇ ಹೊಡೆತದ ತೀವ್ರತೆಯ ಅಳತೆ. ಎಂಬತ್ತು ವರ್ಷಗಳಿಂದ ಜಗತ್ತು ಈ ಪಟ್ಟಿಯನ್ನು ನಂಬಿ ನಡೆದಿದೆ, ನಂಬಿಕೆ ಸುಳ್ಳಾಗಿಯೂ ಇಲ್ಲ. ಆದರೆ ಅಳೆಯುತ್ತಿರುವುದು ಪಟ್ಟಿಯನ್ನು, ಡಿಸ್ಕನ್ನಲ್ಲ. ಡಿಸ್ಕಿನ ತೂತಿನ ಅಂಚಿನಲ್ಲಿ, ಗೇರಿನ ಹಲ್ಲಿನ ಬುಡದಲ್ಲಿ ಏನಾಯಿತೆಂದು ಪಟ್ಟಿ ಹೇಳಲಾರದು. ಎಂಜಿನ್ ಸಾವಿರಾರು ಗಂಟೆ ಓಡಿದ ಮೇಲೆ ಏನು ಉಳಿಯಿತೆಂಬುದಂತೂ ಅದರ ವ್ಯಾಪ್ತಿಗೇ ಬಾರದು.

ತುಣುಕನ್ನೇ ಅಳೆಯುವ ದಾರಿಗಳೂ ಹಳೆಯವೇ. 1925ರಲ್ಲಿ ಲೆಸ್ಟರ್ ಮತ್ತು ಆಬರ್ನ್ ಎಕ್ಸ್-ರೇಯಿಂದ ಲೋಹದ ಹರಳಿನ ಪದರಗಳ ನಡುವಿನ ಅಂತರ ಅಳೆದು ಒತ್ತಡ ಲೆಕ್ಕ ಹಾಕುವ ದಾರಿ ತೆರೆದರು. 1934ರಲ್ಲಿ ಜರ್ಮನಿಯ ಮಥಾರ್, ಸಣ್ಣ ತೂತು ಕೊರೆದು ಅದರ ಸುತ್ತಲಿನ ಲೋಹ ಎಷ್ಟು ಸಡಿಲಾಯಿತೆಂದು ನೋಡುವ ವಿಧಾನ ಕೊಟ್ಟರು. ತೂತು ಕೊರೆದ ಭಾಗ ಮತ್ತೆ ಎಂಜಿನ್ನಿಗೆ ಹೋಗದು. ಎಕ್ಸ್-ರೇ ಕೆಡಿಸುವುದಿಲ್ಲ ನಿಜ, ಆದರೆ ನಿಕಲ್ ಮಿಶ್ರಲೋಹದಲ್ಲಿ ಅದು ಹತ್ತಿಪ್ಪತ್ತು ಮೈಕ್ರಾನ್ ಆಳಕ್ಕಿಂತ ಕೆಳಗಿಳಿಯದು. ಪೀನಿಂಗ್ ಮಾಡಿದ ಅದುಮು 150-200 ಮೈಕ್ರಾನ್ ಆಳದವರೆಗೂ ಇರುತ್ತದೆ, ಗರಿಷ್ಠ ಅದುಮು ಇರುವುದೂ ಮೈಮೇಲಲ್ಲ, ಸ್ವಲ್ಪ ಒಳಗೆ. ಅಲ್ಲಿಗೆ ತಲುಪಲು ಪದರ ಪದರವಾಗಿ ಲೋಹವನ್ನು ಆಮ್ಲದ್ರಾವಣದಲ್ಲಿ ಕರಗಿಸಿ ತೆಗೆಯುತ್ತ, ಪ್ರತಿ ಸಲ ಎಕ್ಸ್-ರೇ ಹಾಯಿಸಬೇಕು. ಅಲ್ಲಿಗೆ ಅದೂ ಕೆಡಿಸುವ ವಿಧಾನವೇ ಆಯಿತು.

ವಿದ್ಯುತ್ತಿನ ದಾರಿಯ ಬೇರು ಇದಕ್ಕಿಂತ ಹಿಂದಿನದು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ 1856ರಲ್ಲಿ ತಾಮ್ರ ಮತ್ತು ಕಬ್ಬಿಣದ ತಂತಿಗಳನ್ನು ಎಳೆದು, ಅವುಗಳ ರೋಧ ಬದಲಾಗುವುದನ್ನು ವೀಟ್‌ಸ್ಟನ್ ಬ್ರಿಜ್‌ನಿಂದ ತೋರಿಸಿದರು. ತಂತಿ ಉದ್ದವಾಗಿ ಸಣ್ಣಗಾದರೆ ರೋಧ ಏರುವುದು ಸಹಜ, ಆದರೆ ಎರಡು ಲೋಹಗಳಲ್ಲಿ ಏರಿಕೆ ಒಂದೇ ಆಗಿರಲಿಲ್ಲ. ಅಂದರೆ ಆಕಾರದ ಬದಲಾವಣೆಗೂ ಮೀರಿ, ಲೋಹದ ಗುಣವೇ ಒತ್ತಡಕ್ಕೆ ಸ್ಪಂದಿಸುತ್ತಿತ್ತು. ಇದೇ ತತ್ವದ ಮೇಲೆ 1938ರಲ್ಲಿ ಸಿಮನ್ಸ್ ಮತ್ತು ರೂಗ್ ಅಂಟಿಸುವ ಸ್ಟ್ರೇನ್ ಗೇಜ್ ತಂದರು. ಇಂದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಅದು ಮಾಮೂಲು ವಸ್ತು. ಆದರೆ ಗೇಜ್ ಅಂಟಿಸಿದ ಮೇಲೆ ಆಗುವ ಬದಲಾವಣೆಯನ್ನಷ್ಟೇ ಅದು ಹೇಳುತ್ತದೆ. ಮೊದಲೇ ಒಳಗೆ ಕೂತ ಒತ್ತಡ ಅದಕ್ಕೆ ಕಾಣುವುದಿಲ್ಲ. ಅದನ್ನು ಕಾಣಬೇಕೆಂದರೆ ಲೋಹದ ಸ್ವಂತ ವಾಹಕತೆಯನ್ನೇ ಅಳೆಯಬೇಕು, ಅದೂ ತಂತಿ ಬೆಸೆಯದೆ.

ತಂತಿ ಬೆಸೆಯದೆ ಅಳೆಯುವ ಉಪಾಯವೇ ಎಡ್ಡಿ ಕರೆಂಟ್, ಕನ್ನಡದಲ್ಲಿ ಸುಳಿ ಪ್ರವಾಹ. ಪರ್ಯಾಯ ವಿದ್ಯುತ್ ಹರಿಯುವ ಸುರುಳಿಯನ್ನು ಲೋಹದ ಹತ್ತಿರ ತಂದರೆ ಲೋಹದಲ್ಲಿ ಸುಳಿಸುಳಿಯಾಗಿ ಪ್ರವಾಹ ಏಳುತ್ತದೆ, ಅದು ತಿರುಗಿ ಸುರುಳಿಯ ಮೇಲೆ ಪ್ರಭಾವ ಬೀರುತ್ತದೆ. 1879ರಲ್ಲಿ ಡೇವಿಡ್ ಹ್ಯೂಸ್ ಇದನ್ನು ಬಳಸಿ ಲೋಹಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಆದರೆ ಅದನ್ನು ಕಾರ್ಖಾನೆಯ ಅಳತೆಯಾಗಿಸಿದವರು ಜರ್ಮನಿಯ ಫ್ರೀಡ್ರಿಕ್ ಫೋರ್ಸ್ಟರ್. ಎರಡನೇ ಮಹಾಯುದ್ಧದ ಬಳಿಕ ರಾಯ್ಟ್‌ಲಿಂಗೆನ್ ಊರಲ್ಲಿ ನೆಲೆ ನಿಂತು, ಸುರುಳಿಯ ಇಂಪೀಡೆನ್ಸನ್ನು ಎರಡು ಅಕ್ಷಗಳ ನಕ್ಷೆಯಲ್ಲಿಟ್ಟು ಓದುವ ಕ್ರಮವನ್ನು ಅವರು ರೂಪಿಸಿದರು. 1968ರಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ಡಾಡ್ ಮತ್ತು ಡೀಡ್ಸ್ ಪದರಗಳುಳ್ಳ ಲೋಹದ ಮೇಲಿನ ಸುರುಳಿಗೆ ಪೂರ್ಣ ಗಣಿತ ಸೂತ್ರ ಬರೆದುಕೊಟ್ಟರು. ಕೈಗಾ ಅಣು ವಿದ್ಯುತ್ ಕೇಂದ್ರದಂಥಲ್ಲಿ ಕೊಳವೆಗಳ ಬಿರುಕು ಹುಡುಕುವುದರಿಂದ ಹಿಡಿದು ಅಲ್ಯೂಮಿನಿಯಂ ಹಾಳೆಯ ಹದ ನೋಡುವವರೆಗೆ ಎಲ್ಲ ಎಡ್ಡಿ ಕರೆಂಟ್ ಕೆಲಸದ ಬೆನ್ನಿಗೂ ಈ ಗಣಿತವಿದೆ.

ಇದರಲ್ಲಿ ಒಂದು ಸೊಗಸಾದ ಅನುಕೂಲವಿದೆ. ಆವರ್ತನ ಏರಿದಷ್ಟೂ ಪ್ರವಾಹ ಮೇಲ್ಮೈಗೆ ಅಂಟುತ್ತದೆ. ಇಂಕೊನೆಲ್ 718ರಂಥ ನಿಕಲ್ ಮಿಶ್ರಲೋಹದಲ್ಲಿ 1 ಮೆಗಾಹರ್ಟ್ಸ್‌ಗೆ ಪ್ರವಾಹ ಸುಮಾರು ಅರ್ಧ ಮಿಲಿಮೀಟರ್ ಆಳಕ್ಕಿಳಿದರೆ, 10 ಮೆಗಾಹರ್ಟ್ಸ್‌ಗೆ 0.17 ಮಿಲಿಮೀಟರ್, 50 ಮೆಗಾಹರ್ಟ್ಸ್‌ಗೆ 0.08 ಮಿಲಿಮೀಟರಿನಷ್ಟೇ ಇಳಿಯುತ್ತದೆ. ಹೀಗೆ ಆವರ್ತನವನ್ನು ಬದಲಿಸುತ್ತ ಹೋದರೆ ಬೇರೆ ಬೇರೆ ಆಳದ ಸುದ್ದಿ ಸಿಗುತ್ತದೆ. ಆಮ್ಲದಲ್ಲಿ ಪದರ ಕರಗಿಸುವ ಕೆಲಸವನ್ನು ಒಂದು ಗುಂಡಿ ತಿರುಗಿಸಿ ಮಾಡಿದಂತೆ! ಈ ಆಸೆಯೇ ಮುಂದಿನ ಸಂಶೋಧನೆಯನ್ನೆಲ್ಲ ಎಳೆದು ತಂದಿತು.

ಉಕ್ಕಿನಲ್ಲಿ ಈ ಆಸೆ ಬೇಗ ಕೈಕೊಟ್ಟಿತು. ಉಕ್ಕು ಅಯಸ್ಕಾಂತೀಯ. ವಾಹಕತೆಯ ಶೇ 1ರ ಬದಲಾವಣೆ ಕಾಣುವ ಮೊದಲೇ ಕಾಂತಗುಣದ ಏರಿಳಿತ ಸಂಕೇತವನ್ನು ಮುಚ್ಚಿಹಾಕುತ್ತದೆ. ಆಗ ಸಂಶೋಧಕರು ಆ ಕಾಂತಗುಣವನ್ನೇ ಅಳತೆಗೆ ಹಿಡಿದರು. ಎಳೆದ ಕಬ್ಬಿಣ ಕಾಂತವಾಗುವ ರೀತಿ ಬದಲಾಗುತ್ತದೆಂದು ಇಟಲಿಯ ವಿಲ್ಲಾರಿ 1865ರಲ್ಲೇ ಕಂಡಿದ್ದರು. 1919ರಲ್ಲಿ ಹೈನ್‌ರಿಕ್ ಬಾರ್ಕ್‌ಹೌಸೆನ್, ಕಬ್ಬಿಣ ಕಾಂತವಾಗುವಾಗ ಒಂದೇ ಸಮನೆ ಆಗದೆ ಸಣ್ಣ ಸಣ್ಣ ಜಿಗಿತಗಳಲ್ಲಿ ಆಗುತ್ತದೆಂದು, ಸುರುಳಿಗೆ ಆಂಪ್ಲಿಫೈಯರ್ ಜೋಡಿಸಿ ಆ ಸದ್ದನ್ನು ಕೇಳಿಸಿ ತೋರಿಸಿದರು. ಸಾಮಾನ್ಯ ಉಕ್ಕಿನಲ್ಲಿ ಎಳೆತವಿದ್ದರೆ ಈ ಸದ್ದು ಏರುತ್ತದೆ, ಅದುಮಿದ್ದರೆ ಇಳಿಯುತ್ತದೆ. 1960-70ರ ದಶಕಗಳಲ್ಲಿ ಅಮೆರಿಕದ ಸೌತ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದನ್ನು ಒತ್ತಡದ ಅಳತೆಯಾಗಿ ಬೆಳೆಸಿತು, ಬಳಿಕ ಫಿನ್‌ಲ್ಯಾಂಡಿನ ಕಂಪನಿಗಳು ಅದನ್ನು ಕಾರ್ಖಾನೆಯ ಯಂತ್ರವಾಗಿಸಿದವು.

ಇದರ ಅತ್ಯುತ್ತಮ ಬಳಕೆ ಗೇರು ಮತ್ತು ಕ್ಯಾಮ್‌ಶಾಫ್ಟ್ ಸಾಣೆ ಹಿಡಿಯುವಲ್ಲಿ ಆಗಿದೆ. ಸಾಣೆಚಕ್ರ ಮೊಂಡಾದರೆ, ಕೂಲಂಟ್ ತಪ್ಪಿದರೆ ಹದಗೊಳಿಸಿದ ಮೈ ಸುಟ್ಟು ಮೆತ್ತಗಾಗುತ್ತದೆ, ಅದುಮು ಹೋಗಿ ಎಳೆತ ಬರುತ್ತದೆ. ಕಣ್ಣಿಗೆ ಏನೂ ಕಾಣದು. ಹಳೆಯ ಕ್ರಮದಲ್ಲಿ ತೆಳು ನೈಟ್ರಿಕ್ ಆಮ್ಲದಲ್ಲಿ ಅದ್ದಿ, ಕಪ್ಪು ಮಚ್ಚೆ ಬಂತೇ ಎಂದು ನೋಡಬೇಕು. ಬಾರ್ಕ್‌ಹೌಸೆನ್ ಸದ್ದಿಗೆ ಮಾತ್ರ ಮೆತ್ತಗಾಗುವುದೂ ಎಳೆತ ಬರುವುದೂ ಎರಡೂ ಒಂದೇ ದಿಕ್ಕಿನವು: ಎರಡರಿಂದಲೂ ಸದ್ದು ಏರುತ್ತದೆ. ಹಾಗಾಗಿ ಸುಟ್ಟ ಜಾಗ ಎದ್ದು ಕಾಣುತ್ತದೆ. ಆದರೆ ಅದೇ ಕಾರಣಕ್ಕೆ, ಒತ್ತಡವೆಷ್ಟು ಎಂದು ಮೆಗಾಪ್ಯಾಸ್ಕಲ್‌ನಲ್ಲಿ ಹೇಳು ಎಂದರೆ ಅದು ತಡವರಿಸುತ್ತದೆ. ಗಡಸುತನದ ಪಾಲನ್ನು ಬೇರೆಯಾಗಿ ತೆಗೆಯದೆ ಒತ್ತಡದ ಅಂಕಿ ಸಿಗುವುದಿಲ್ಲ. ನಮ್ಮ ದೇಶದಲ್ಲಿ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದಲ್ಲಿ ಬಲದೇವ್ ರಾಜ್ ಮತ್ತು ಟಿ. ಜಯಕುಮಾರ್ ಅವರ ಬಳಗ ಈ ಬೇರ್ಪಡಿಸುವ ಕೆಲಸಕ್ಕೆ ದಶಕಗಳನ್ನು ಕೊಟ್ಟಿತು. ಇಂಡಕ್ಷನ್ ಹಾರ್ಡನಿಂಗ್ ಮಾಡಿದ ಉಕ್ಕಿನಲ್ಲಿ ಗಡಸು ಪದರದ ಆಳವನ್ನು ಈ ಸದ್ದಿನಿಂದಲೇ ಓದಬಹುದೆಂದು ಅವರ ಅಧ್ಯಯನಗಳು ತೋರಿಸಿದವು. ಧಾರವಾಡದಲ್ಲಿ ತಯಾರಾಗುವ ಟಾಟಾ ಹಿಟಾಚಿಯ ಅಗೆಯುವ ಯಂತ್ರಗಳಂಥವುಗಳ ಪಿನ್ನು, ಬುಷ್ಷುಗಳೆಲ್ಲ ಈ ಬಗೆಯ ಹದವನ್ನೇ ನೆಚ್ಚಿಕೊಂಡಿರುವುದರಿಂದ, ಇದು ನಮ್ಮ ಭಾಗಕ್ಕೆ ದೂರದ ವಿಷಯವಲ್ಲ.

ರೈಲು ಗಾಲಿಯ ವಿಷಯ ಬೇರೆ. 1984ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ಎರಕ ಹೊಯ್ದ ಗಾಲಿಯ ಅಂಚಿಗೆ, ಕಾದಿರುವಾಗಲೇ ನೀರು ಚಿಮ್ಮಿಸುತ್ತಾರೆ. ಅಂಚು ಮೊದಲು ಗಟ್ಟಿಯಾಗುತ್ತದೆ, ಉಳಿದ ಭಾಗ ನಿಧಾನಕ್ಕೆ ತಣಿದು ಕುಗ್ಗುತ್ತ ಅಂಚನ್ನು ಅದುಮಿ ಹಿಡಿಯುತ್ತದೆ. ಗಾಲಿ ಓಡುವಾಗ ಬ್ರೇಕಿನ ಕಾವು ಈ ಅದುಮನ್ನು ಎಳೆತವಾಗಿ ತಿರುಗಿಸಬಲ್ಲದು. ಅದೇ ಅಪಾಯ. ಗಾಲಿಯ ಅಂಚನ್ನು ಗರಗಸದಿಂದ ಸೀಳಿ, ಸೀಳು ಮುಚ್ಚಿಕೊಂಡರೆ ಅದುಮು, ತೆರೆದುಕೊಂಡರೆ ಎಳೆತ ಎಂದು ನೋಡುವುದು ಹಳೆಯ ಪರೀಕ್ಷೆ. ಈ ಒತ್ತಡ ಮಿಲಿಮೀಟರಿನ ಭಾಗದಷ್ಟಲ್ಲ, ಅಂಚಿನ ಇಡೀ ದಪ್ಪದಲ್ಲಿದೆ. ಉಕ್ಕಿನಲ್ಲಿ 100 ಕಿಲೋಹರ್ಟ್ಸ್ ಪ್ರವಾಹ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಇಳಿಯದು. ಹೀಗಾಗಿ ಯುರೋಪಿನ ರೈಲ್ವೆಗಳು ಗಾಲಿಗೆ ಅಲ್ಟ್ರಾಸೌಂಡನ್ನು ಆರಿಸಿಕೊಂಡವು, ಅದೂ ಎಣ್ಣೆ ಸವರದೆ ಸುರುಳಿ ಮತ್ತು ಆಯಸ್ಕಾಂತದಿಂದಲೇ ಲೋಹದೊಳಗೆ ಸದ್ದು ಹುಟ್ಟಿಸುವ ಬಗೆಯನ್ನು. ಹುಬ್ಬಳ್ಳಿ ವರ್ಕ್‌ಶಾಪಿನಂಥ ಕಡೆ ಗಾಲಿಯ ಒತ್ತಡ ಅಳೆಯುವ ಯೋಚನೆ ಬಂದರೆ ನಾನೂ ಅದನ್ನೇ ಸೂಚಿಸುತ್ತೇನೆ. ಮೇಲ್ಮೈ ವಿಧಾನವನ್ನು ಆಳದ ಪ್ರಶ್ನೆಗೆ ಹಚ್ಚಬಾರದು.

ಮೇಲ್ಮೈಯ ಪ್ರಶ್ನೆಗೆ ವಿದ್ಯುತ್ ಸರಿಯಾಗಿ ಹೊಂದಿದ್ದು ವಿಮಾನ ಎಂಜಿನ್ನಿನ ಡಿಸ್ಕುಗಳಲ್ಲಿ. ಬೆಂಗಳೂರಿಗೆ ಇದು ಮನೆಯ ವಿಷಯ: ಎಚ್‌ಎಎಲ್‌ನ ಎಂಜಿನ್ ವಿಭಾಗ 1957ರಲ್ಲಿ ಆರ್ಫಿಯಸ್ ಎಂಜಿನ್ನಿಗಾಗಿ ಆರಂಭವಾಯಿತು, 1960ರ ದಶಕದ ಆರಂಭದಿಂದ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ಅಲ್ಲಿದೆ, ಕಾವೇರಿ ಎಂಜಿನ್ ಯೋಜನೆಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು. ಟರ್ಬೈನ್ ಡಿಸ್ಕು ನಿಕಲ್ ಮಿಶ್ರಲೋಹದ್ದು, ಕೆಲಸ ಮಾಡುವುದು ನೂರಾರು ಡಿಗ್ರಿ ಕಾವಿನಲ್ಲಿ. ಆ ಕಾವಿಗೆ ಪೀನಿಂಗ್‌ನ ಅದುಮು ನಿಧಾನವಾಗಿ ಸಡಿಲಾಗುತ್ತದೆ. ಎಷ್ಟು ಸಡಿಲಾಯಿತೆಂದು ಅಳೆಯಲಾಗದ ಕಾರಣ, ವಿನ್ಯಾಸಕಾರರು ಡಿಸ್ಕಿನ ಆಯಸ್ಸು ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಪೀನಿಂಗ್‌ನ ಲಾಭವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದ್ದರೂ ಇಲ್ಲವೆಂದೇ ಭಾವಿಸುತ್ತಾರೆ. ಬಹಳಷ್ಟು ಡಿಸ್ಕುಗಳು ಒಳಗೆ ಆಯಸ್ಸು ಉಳಿದಿರುವಾಗಲೇ ಗುಜರಿಗೆ ಹೋಗಲು ಇದೂ ಒಂದು ಕಾರಣ.

ಈ ಗಂಟನ್ನು ಬಿಚ್ಚಲು ಗಟ್ಟಿಯಾಗಿ ಕೂತವರು ಅಮೆರಿಕದ ಡೇಟನ್‌ನಲ್ಲಿರುವ ವಾಯುಸೇನಾ ಸಂಶೋಧನಾಲಯದ ಮಾರ್ಕ್ ಬ್ಲಾಜೆಟ್ ಮತ್ತು ಸಿನ್ಸಿನಾಟಿ ವಿಶ್ವವಿದ್ಯಾಲಯದ ಪೀಟರ್ ನಾಜ್. ಲೋಹದ ಆಯ್ಕೆಯಲ್ಲೇ ಅವರಿಗೆ ಅರ್ಧ ಉತ್ತರ ಸಿಕ್ಕಿತ್ತು. ಟೈಟೇನಿಯಂನ ಹರಳು ಆರು ಮೂಲೆಯದು. ಅದರ ವಾಹಕತೆ ದಿಕ್ಕಿನಿಂದ ದಿಕ್ಕಿಗೆ ಎಷ್ಟು ಬದಲಾಗುತ್ತದೆಂದರೆ ಒತ್ತಡದ ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ಅಲ್ಯೂಮಿನಿಯಂನಲ್ಲಿ ಗುಂಡಿನ ಪೆಟ್ಟು ಹರಳನ್ನು ಕದಡಿದ್ದರಿಂದಾಗುವ ಇಳಿಕೆ, ಒತ್ತಡದಿಂದಾಗುವ ಬದಲಾವಣೆಯನ್ನು ಮುಚ್ಚುತ್ತದೆ. ನಿಕಲ್ ಮಿಶ್ರಲೋಹದ ಹರಳು ಘನಾಕಾರದ್ದು, ವಾಹಕತೆಗೆ ದಿಕ್ಕಿನ ಭೇದವಿಲ್ಲ, ಲೋಹ ಅಯಸ್ಕಾಂತೀಯವೂ ಅಲ್ಲ. ಅದುಮು ಬಂದರೆ ವಾಹಕತೆ ಏರುತ್ತದೆ. 2004ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಇಂಕೊನೆಲ್ 718, ವಾಸ್ಪಲಾಯ್‌ಗಳಂಥ ಮಿಶ್ರಲೋಹಗಳಲ್ಲಿ ಪೀನಿಂಗ್ ತೀವ್ರವಾದಷ್ಟೂ ತೋರುವ ವಾಹಕತೆ ಏರಿತು, ಕುಲುಮೆಯಲ್ಲಿ ಕಾಯಿಸಿ ಒತ್ತಡ ಸಡಿಲಿಸಿದಂತೆ ಅದು ಇಳಿಯಿತು.

ಏರಿಕೆ ಎಷ್ಟು? ಶೇ 1ರ ಆಸುಪಾಸು. ಇಷ್ಟನ್ನು ನಂಬುವಂತೆ ಅಳೆಯಲು ಶೇ 0.1ರ ನಿಖರತೆ ಬೇಕು. ಸುರುಳಿ ಲೋಹದಿಂದ ಕೂದಲೆಳೆಯಷ್ಟು ಮೇಲೆದ್ದರೂ ಅದಕ್ಕಿಂತ ದೊಡ್ಡ ಸಂಕೇತ ಬರುತ್ತದೆ. ಆದ್ದರಿಂದ ಅವರು ಪ್ರತಿ ಅಳತೆಗೂ ಮುನ್ನ ವಾಹಕತೆ ಗೊತ್ತಿರುವ ಎರಡು ಲೋಹದ ದಿಮ್ಮಿಗಳನ್ನು, ಒಂದು ತೆಳು ಪ್ಲಾಸ್ಟಿಕ್ ಹಾಳೆ ಇಟ್ಟೂ ಇಡದೆಯೂ ನೋಡಿ, ಆ ನಾಲ್ಕು ಬಿಂದುಗಳ ನಡುವೆ ತುಣುಕಿನ ಓದನ್ನು ಕೂರಿಸುವ ಕ್ರಮ ಇಟ್ಟುಕೊಂಡರು. ಇಡೀ ಕ್ಷೇತ್ರದಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸುವುದು ಈ ಬಡ ಸಾಮಗ್ರಿಯ ಶಿಸ್ತು. ಮುಂದಿನ ವರ್ಷಗಳಲ್ಲಿ ಬಸಾಮ್ ಅಬು-ನಬಾ ಜೊತೆಗೂಡಿ ಆವರ್ತನವನ್ನು 10ರಿಂದ 50 ಮೆಗಾಹರ್ಟ್ಸ್‌ಗೆ ಏರಿಸಿದರು, ಆವರ್ತನದ ಗೆರೆಯನ್ನು ಆಳದ ಗೆರೆಯಾಗಿ ತಿರುಗಿಸುವ ಲೆಕ್ಕವನ್ನೂ ಕಟ್ಟಿದರು. ಜರ್ಮನಿಯಲ್ಲಿ ಡ್ರೆಸ್ಡೆನ್‌ನ ಫ್ರೌನ್‌ಹೋಫರ್ ಸಂಸ್ಥೆ 100 ಮೆಗಾಹರ್ಟ್ಸ್‌ವರೆಗೂ ಹೋಯಿತು. ಆದರೆ ಅಷ್ಟು ಮೇಲೇರಿದಾಗ ಪ್ರವಾಹ ಗುಂಡು ಮಾಡಿದ ಗುಳಿಗಳ ಅಂಕುಡೊಂಕನ್ನೇ ಹಿಡಿದು ಹರಿಯತೊಡಗುತ್ತದೆ. ದಾರಿ ಉದ್ದವಾಗಿ, ವಾಹಕತೆ ಕಡಿಮೆಯಾದಂತೆ ಕಾಣುತ್ತದೆ. ಒರಟುತನದ ಈ ಪಾಲನ್ನೂ ಕಳೆಯಬೇಕು.

ಇಷ್ಟರವರೆಗೆ ಗೆಲುವಿನ ಕಥೆ. ದೊಡ್ಡ ಹೊಡೆತ ಬಂದದ್ದು ಕಾರ್ಖಾನೆಯ ನಿಜವಾದ ತುಣುಕುಗಳಿಂದ. 718 ಮಿಶ್ರಲೋಹವನ್ನು ಎಂಜಿನ್ನಿನಲ್ಲಿ ಬಳಸುವಾಗ ಕಾಯಿಸಿ, ಒಳಗೆ ಅತಿಸಣ್ಣ ಗಡಸು ಕಣಗಳನ್ನು ಬೆಳೆಸಿ ಪೂರ್ಣ ಹದಕ್ಕೆ ತಂದಿರುತ್ತಾರೆ. 2010ರ ಹೊತ್ತಿಗೆ ಗಡಸುತನವನ್ನು ಹಂತ ಹಂತವಾಗಿ ಏರಿಸಿ ನೋಡಿದಾಗ, ಮೆತ್ತಗಿನ ತುಣುಕಿನಲ್ಲಿ ಬಂದ ಉತ್ತರ ಗಡಸು ತುಣುಕಿನಲ್ಲಿ ಬರಲಿಲ್ಲ, ಸಂಕೇತದ ದಿಕ್ಕೂ ಒಂದೇ ಆಗಿ ಉಳಿಯಲಿಲ್ಲ. ಪೆಟ್ಟು ತಿಂದ ಹರಳಿನ ಕದಡು ಇಲ್ಲಿ ಒತ್ತಡದಷ್ಟೇ ದೊಡ್ಡ ದನಿ ಎತ್ತಿತ್ತು. ಒಂದೇ ಮಿಶ್ರಲೋಹ, ಒಂದೇ ಹೆಸರು, ಹದ ಬೇರೆ. ಪ್ರಯೋಗಾಲಯದಲ್ಲಿ ಮಾಡಿದ ಕ್ಯಾಲಿಬ್ರೇಷನ್ ಕಾರ್ಖಾನೆಯಲ್ಲಿ ನಡೆಯದು ಎಂದು ಆ ತಂಡವೇ ಪ್ರಕಟಿಸಿತು. ಸ್ವಂತ ವಿಧಾನದ ಮಿತಿಯನ್ನು ಹೀಗೆ ತಾವೇ ಹುಡುಕಿ ಹೇಳಿದ್ದರಿಂದ ಕ್ಷೇತ್ರ ನಿಂತುಹೋಗಲಿಲ್ಲ. ಅವರು ವಾಹಕತೆ ಬಿಟ್ಟು ಹಾಲ್ ಪರಿಣಾಮದ ಕಡೆ ತಿರುಗಿದರು. ಪ್ರವಾಹ ಹರಿಯುವ ಲೋಹಕ್ಕೆ ಅಡ್ಡಲಾಗಿ ಕಾಂತಕ್ಷೇತ್ರ ಒಡ್ಡಿದರೆ ಪಕ್ಕಕ್ಕೆ ಹುಟ್ಟುವ ಅತಿಸಣ್ಣ ವೋಲ್ಟೇಜನ್ನು ಎಡ್ವಿನ್ ಹಾಲ್ 1879ರಲ್ಲಿ ಕಂಡಿದ್ದರು, ಹ್ಯೂಸ್ ತಮ್ಮ ಸುರುಳಿಯನ್ನು ತೋರಿಸಿದ ವರ್ಷವೇ. ಹದಗೊಂಡ 718ರಲ್ಲಿ ಈ ಹಾಲ್ ಗುಣಾಂಕ ಒತ್ತಡಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ, ಕದಡಿಗೆ ಅಷ್ಟಾಗಿ ಅಲ್ಲ ಎಂದು 2017ರ ಸುಮಾರಿನ ಅಧ್ಯಯನಗಳು ತೋರಿಸಿವೆ. ವೋಲ್ಟೇಜು ತೀರಾ ಚಿಕ್ಕದು, ಅಳತೆ ಇನ್ನೂ ಪ್ರಯೋಗಾಲಯದ ಮೇಜು ಬಿಟ್ಟು ಹೆಚ್ಚು ದೂರ ಹೋಗಿಲ್ಲ. ಲೇಸರ್ ಪೀನಿಂಗ್‌ನಂಥ ಹೊಸ ಸಂಸ್ಕರಣೆಗಳು ಮಿಲಿಮೀಟರ್ ಆಳದವರೆಗೆ ಅದುಮು ತುಂಬಿ, ಹರಳನ್ನು ಕಡಿಮೆ ಕದಡುವುದರಿಂದ ಎಡ್ಡಿ ಕರೆಂಟಿಗೆ ಅಲ್ಲಿ ದಾರಿ ಸುಲಭ.

ಇನ್ನು ನಮ್ಮ ಸೀಮೆಯ ಮಾತು. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿರುವ ಏಕಸ್ ವಿಮಾನೋದ್ಯಮ ವಲಯದಲ್ಲಿ ಫೋರ್ಜಿಂಗ್, ಯಂತ್ರಗೆಲಸ, ಮೇಲ್ಮೈ ಸಂಸ್ಕರಣೆ ಒಂದೇ ಆವರಣದಲ್ಲಿ ನಡೆಯುತ್ತವೆ. ವಿಮಾನದ ಒಡಲಿನ ಭಾಗಗಳಲ್ಲಿ ಅಲ್ಯೂಮಿನಿಯಂ ಪಾಲು ದೊಡ್ಡದು. ಅಲ್ಯೂಮಿನಿಯಂ ಮೇಲೆ ಎಡ್ಡಿ ಕರೆಂಟ್ ಮೀಟರ್ ಇಟ್ಟು ಹದ ಪರೀಕ್ಷಿಸುವುದು ಸರಿಯಾದ ಬಳಕೆ: 7075 ಮಿಶ್ರಲೋಹ ಟಿ6 ಹದದಲ್ಲಿದ್ದರೆ ತಾಮ್ರದ ವಾಹಕತೆಯ ಶೇ 33ರ ಸುಮಾರು, ಟಿ73 ಹದದಲ್ಲಿದ್ದರೆ ಶೇ 40ರ ಸುಮಾರು. ವ್ಯತ್ಯಾಸ ದೊಡ್ಡದು, ತೀರ್ಮಾನ ಸುಲಭ. ಅದೇ ಮೀಟರಿನಿಂದ ಪೀನಿಂಗ್ ಒತ್ತಡವನ್ನೂ ಅಳೆಯಬಹುದೆಂದು ಯಾರಾದರೂ ಮಾರಲು ಬಂದರೆ ಒಪ್ಪಬಾರದು. ಅಲ್ಯೂಮಿನಿಯಂನ ರೋಧ ಒಂದು ಡಿಗ್ರಿ ಕಾವಿಗೆ ಸುಮಾರು ಶೇ 0.4 ಬದಲಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಷೆಡ್ಡಿನಲ್ಲಿ ಬೆಳಗಿಗಿಂತ ಏರಿದ ಕಾವೊಂದೇ ಒತ್ತಡದ ಸಂಕೇತವನ್ನು ನುಂಗಿಬಿಡುತ್ತದೆ.

ಧಾರವಾಡದಲ್ಲಿ 2016ರಿಂದ ಐಐಟಿ ಇದೆ, ಹುಬ್ಬಳ್ಳಿಯಲ್ಲಿ 1947ರಲ್ಲಿ ಶುರುವಾದ ಬಿವಿಬಿ ಕಾಲೇಜು ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ನಮ್ಮ ಭಾಗಕ್ಕೆ ಬೇಕಿರುವುದು ದುಬಾರಿ ಯಂತ್ರಕ್ಕಿಂತ ಮೊದಲು ಒಂದು ಮಾದರಿ ಪೆಟ್ಟಿಗೆ. ಇಲ್ಲಿ ನಿಜವಾಗಿ ಬಳಕೆಯಾಗುವ ಉಕ್ಕು ಮತ್ತು ನಿಕಲ್ ಮಿಶ್ರಲೋಹಗಳನ್ನು, ಇಲ್ಲಿ ಬಳಸುವ ಹದಕ್ಕೇ ತಂದು, ಬೇರೆ ಬೇರೆ ತೀವ್ರತೆಗೆ ಪೀನಿಂಗ್ ಮಾಡಿಸಿದ ತುಣುಕುಗಳು ಅದರಲ್ಲಿರಬೇಕು. ಪ್ರತಿ ಬಗೆಯಲ್ಲೂ ಎರಡು ಮೂರು ತುಣುಕುಗಳನ್ನು ಬಲಿಕೊಟ್ಟು, ಪದರ ಕರಗಿಸಿ, ಎಕ್ಸ್-ರೇಯಿಂದ ಆಳದ ಗೆರೆ ಬರೆದಿಡಬೇಕು. ಅವುಗಳ ಜೊತೆಯ ತುಣುಕುಗಳನ್ನು ಕೆಡಿಸದೆ ಇಟ್ಟು ಎಡ್ಡಿ ಕರೆಂಟ್, ಬಾರ್ಕ್‌ಹೌಸೆನ್ ಎರಡರಿಂದಲೂ ಓದಬೇಕು, ಗಡಸುತನ ಮತ್ತು ಒರಟುತನವನ್ನು ಪಕ್ಕದಲ್ಲೇ ನಮೂದಿಸಬೇಕು. ಮೂರನೆಯ ಗುಂಪನ್ನು ಕುಲುಮೆಯಲ್ಲಿ ಬೇರೆ ಬೇರೆ ಹೊತ್ತು ಕಾಯಿಸಿ ಒತ್ತಡ ಸಡಿಲಾಗುವುದನ್ನು ಹಿಂಬಾಲಿಸಬೇಕು. ಒಬ್ಬ ಎಂಟೆಕ್ ವಿದ್ಯಾರ್ಥಿಯ ಪ್ರಬಂಧಕ್ಕೆ ಇದು ಸಾಕಷ್ಟು ಕೆಲಸ. ಪ್ರಬಂಧ ಮುಗಿದ ಮೇಲೆ ಆ ಪೆಟ್ಟಿಗೆಯನ್ನು ಕಪಾಟಿನಲ್ಲಿ ಬೀಗ ಹಾಕಿಡದೆ, ಬೆಳಗಾವಿ, ಹುಬ್ಬಳ್ಳಿ, ಧಾರವಾಡದ ಕಾರ್ಖಾನೆಗಳಿಗೆ ಎರವಲು ಕೊಡುವ ವ್ಯವಸ್ಥೆ ಇರಬೇಕು.